ಸಾಂಟಾ ಫೇಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಆಶೀರ್ವಾದಗಳು. ರಜೆಯಲ್ಲಿ ಗೆಳತಿಯರೊಡನೆ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಸಾಂಟಾ ಫೇಗೆ ಹೊರಟಿರುವೆಯೆಂದು ತಿಳಿದು ಸಂತೋಷವಾಯಿತು. ನಿನ್ನ ತಂದೆಯವರೂ ನಾನೂ ನೋಡಿ ಮೆಚ್ಚಿದ ಊರು ಅದು. ಸಮುದ್ರಮಟ್ಟದಿಂದ ಸುಮಾರು 7,000 ಅಡಿ ಎತ್ತರದಲ್ಲಿರುವುದರಿಂದ ಬೇಸಿಗೆಯಲ್ಲೂ ರಾತ್ರಿ ತಂಪಿರುತ್ತದೆ. ಒಂದು ಸ್ವೆಟರ್ ಇಟ್ಟುಕೋ. ಮೊದಲ ದಿನ ಹೆಚ್ಚು ಓಡಾಡದೆ, ಬಾಯಾರದಿದ್ದರೂ ನೀರು ಕುಡಿಯುತ್ತಿರು.

ಊರ ನಡುವಿನ ಚೌಕವಾದ ಪ್ಲಾಜಾದ ಹತ್ತಿರವೇ ಕೋಣೆ ಹಿಡಿದರೆ ಎಲ್ಲವನ್ನೂ ನಡೆದೇ ನೋಡಬಹುದು. ಅದರ ಮೂಲೆಯಲ್ಲಿರುವ, 1922ರಲ್ಲಿ ಕಟ್ಟಿದ ಲಾ ಫೋಂಡಾ ಹೋಟೆಲಿನ ಬಾಡಿಗೆ ದುಬಾರಿಯೆನಿಸಿದರೂ ಒಳಗೊಮ್ಮೆ ಹೋಗಿ ಬಾ.

ಊಟಕ್ಕೆ ಕುಳಿತೊಡನೆ "ಕೆಂಪೋ, ಹಸಿರೋ?" ಎಂದು ಕೇಳುತ್ತಾರೆ. ಎರಡೂ ಒಂದೇ ಮೆಣಸಿನಕಾಯಿಯ ಗೊಜ್ಜುಗಳು: ಹಸಿಯಾಗಿ ಕಿತ್ತು ಸುಟ್ಟರೆ ಹಸಿರು, ಹಣ್ಣಾಗಲು ಬಿಟ್ಟು ಒಣಗಿಸಿದರೆ ಕೆಂಪು. ಎರಡೂ ಬೇಕಾದರೆ "ಕ್ರಿಸ್ಮಸ್" ಎಂದರೆ ಸಾಕು. ಬ್ಯಾಡಗಿ ಮೆಣಸಿನಕಾಯಿಯ ಅಡುಗೆ ಉಂಡು ಬೆಳೆದ ನಿನಗೆ ಕೆಂಪೇ ಹಿಡಿಸೀತೆಂದು ನನ್ನ ಊಹೆ. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದೂ ಅಮೆರಿಕ ಖಂಡಗಳಿಂದಲೇ ಅಲ್ಲವೇ! 1953ರಿಂದ ನಡೆಯುತ್ತಿರುವ 'ದಿ ಶೆಡ್' ಎಂಬ ಊಟದ ಹೋಟೆಲಿನಲ್ಲಿ ಎಂಚಿಲಾಡ, ಅಂದರೆ ಗೊಜ್ಜು ಹಾಕಿದ ನೀಲಿ ಮೆಕ್ಕೆಜೋಳದ ರೊಟ್ಟಿ, ತಿಂದು ನೋಡು. ಆದರೆ ಎಲ್ಲಿಯೇ ಆಗಲಿ, ಗೊಜ್ಜಿನಲ್ಲಿ ಮಾಂಸವಿದೆಯೇ, ಕಾಳಿಗೆ ಹಂದಿಯ ಕೊಬ್ಬು ಹಾಕಿದ್ದಾರೆಯೇ ಎಂದು ವಿಚಾರಿಸಿಯೇ ತರಹೇಳು.

ಕೊಳ್ಳುವ ವಿಷಯದಲ್ಲಿ ಮಾತ್ರ ನನ್ನ ಮಾತನ್ನು ಗಮನವಿಟ್ಟು ಓದು. ಪ್ಲಾಜಾದ ಉತ್ತರಕ್ಕೆ, 17ನೆಯ ಶತಮಾನದ ಆರಂಭದಲ್ಲಿ ಸ್ಪ್ಯಾನಿಷರು ಕಟ್ಟಿದ ಗವರ್ನರರ ಅರಮನೆಯಿದೆ. ಅದರ ಉದ್ದನೆಯ ಜಗಲಿಯಲ್ಲಿ ಪ್ಯುಯೆಬ್ಲೊ, ನವಾಹೊ ಮೊದಲಾದ ಮೂಲನಿವಾಸಿ ಸಮುದಾಯಗಳ ಕುಶಲಕರ್ಮಿಗಳು ಬಟ್ಟೆ ಹಾಸಿ, ಬೆಳ್ಳಿ ಆಭರಣ, ಹಸಿರುನೀಲಿ ಟರ್ಕೋಯಿಸ್ ಕಲ್ಲಿನ ಮಣಿಸರ, ಮಣ್ಣಿನ ಪಾತ್ರೆಗಳನ್ನಿಟ್ಟುಕೊಂಡು ಕುಳಿತಿರುತ್ತಾರೆ. ತಾವೋ ತಮ್ಮ ಮನೆಯವರೋ ಮಾಡಿದ ವಸ್ತುವನ್ನಷ್ಟೇ, ಮಾಡಿದವರ ಗುರುತು ಹಾಕಿ, ಅಲ್ಲಿ ಮಾರಬೇಕೆಂಬ ನಿಯಮವಿದೆ. ಜಾಗಕ್ಕಿಂತ ಬಂದವರು ಹೆಚ್ಚಾದ ಬೆಳಿಗ್ಗೆ ಚೀಟಿ ಎತ್ತಿ ಜಾಗ ಹಂಚುತ್ತಾರೆ. ಕಡಿಮೆ ಬೆಲೆಯ ನಕಲುಗಳು ಬೇರೆ ಅಂಗಡಿಗಳಲ್ಲಿ ಕಣ್ಣಿಗೆ ಬೀಳಬಹುದು. ಅವನ್ನು ನಾಲ್ಕು ಕೊಳ್ಳುವ ಬದಲು ಇಲ್ಲಿ ಒಂದೇ ಒಂದು ಕಿವಿಯೋಲೆ ಕೊಳ್ಳು. ಕಲ್ಲು ಯಾವುದು, ಹೇಗೆ ಕೂರಿಸಿದರು ಎಂದು ಮಾಡಿದವರನ್ನೇ ಕೇಳು, ಆದರೆ ಸಂತೆಯಲ್ಲಿ ಮಾಡುವಂತೆ ಚೌಕಾಸಿಗಿಳಿಯಬೇಡ. ಅವರ ದುಡಿಮೆಗೆ ಅವರೇ ಕಟ್ಟಿದ ಬೆಲೆಯನ್ನು ಕೊಡುವುದು ನ್ಯಾಯ.

ಒಂದು ದಿನವನ್ನು ಬ್ಯಾಂಡೆಲಿಯರ್ ರಾಷ್ಟ್ರೀಯ ಸ್ಮಾರಕಕ್ಕೆ ಮೀಸಲಿಡು. ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಜ್ವಾಲಾಮುಖಿಯ ಬೂದಿ ಗಟ್ಟಿಯಾದ ಮೆದು ಬಂಡೆಯಲ್ಲಿ ಪ್ಯುಯೆಬ್ಲೊ ಜನರ ಪೂರ್ವಿಕರು ಕೊರೆದ ಕೋಣೆಗಳಿಗೆ ಮರದ ಏಣಿ ಹತ್ತಿ ಹೋಗಬಹುದು. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಸಾಮಾನ್ಯವಾದ್ದರಿಂದ ಬೆಳಿಗ್ಗೆಯೇ ಹೊರಡು. ಬಿಡುವಿದ್ದರೆ ಪ್ಯುಯೆಬ್ಲೊ ಜನರ ಹಳೆಯ ಊರಾದ ಟಾವೋಸ್ ಪ್ಯುಯೆಬ್ಲೊವನ್ನೂ ನೋಡು. ಅಲ್ಲಿ ಇಂದಿಗೂ ಜನ ಬಾಳುತ್ತಿದ್ದಾರೆ, ಆದ್ದರಿಂದ ಯಾರ ಫೋಟೋ ತೆಗೆಯುವುದಿದ್ದರೂ ಮೊದಲು ಅವರ ಒಪ್ಪಿಗೆ ಕೇಳು.

ನಿನ್ನ ಅಮ್ಮ