ಹೊಸ ಬೈಕ್: ಮೀಟರ್ ನೋಡಿದರೆ ಸಾಲದು, ಗೇರೂ ನೋಡಬೇಕು

ಮಾನ್ಯ ಸಂಪಾದಕರೇ,

ಆಯುಧಪೂಜೆಯಿಂದ ದೀಪಾವಳಿವರೆಗೆ ಹಾಸನ, ಸಕಲೇಶಪುರ, ಚಿಕ್ಕಮಗಳೂರಿನ ಶೋರೂಂಗಳಿಂದ ಹೊಸ ಬೈಕ್‌ಗಳು ಸಾಲುಸಾಲಾಗಿ ರಸ್ತೆಗಿಳಿಯುತ್ತವೆ. ಕೀ ಕೈಗಿಡುವಾಗ ಹೇಳುವ ಮಾತು ಹೆಚ್ಚುಕಡಿಮೆ ಒಂದೇ: ‘ಫಸ್ಟ್ ಸರ್ವಿಸ್ ಆಗುವ ತನಕ ನಲವತ್ತು ದಾಟಿಸಬೇಡಿ.’ ಬಯಲು ರಸ್ತೆಯಲ್ಲಿ ಈ ಮಾತು ಹೇಗೋ ನಡೆದೀತು. ನಮ್ಮ ಕಡೆಯ ಏರಿನಲ್ಲಿ ಇದರಿಂದ ಎಂಜಿನ್‌ಗೆ ಕೆಡುಕೇ ಜಾಸ್ತಿ. ನಲವತ್ತು ದಾಟಬಾರದು ಎಂದಷ್ಟೇ ಕೇಳಿಸಿಕೊಂಡವರು ಮೂವತ್ತಕ್ಕೇ ಟಾಪ್ ಗೇರ್ ಹಾಕಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಕೈಮರದಿಂದ ಮುಳ್ಳಯ್ಯನಗಿರಿಯ ಏರನ್ನು ಅದರಲ್ಲೇ ಹತ್ತಿಸಲು ನೋಡುತ್ತಾರೆ.

ಹೊಸ ಸಿಲಿಂಡರ್‌ನ ಒಳಗೋಡೆ ಕನ್ನಡಿಯಂತೆ ನುಣುಪಾಗಿರುವುದಿಲ್ಲ. ಹೋನಿಂಗ್ (ಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಮಾಡುವುದು) ಮಾಡುವಾಗ ಒಂದನ್ನೊಂದು ಕತ್ತರಿಸುವ ಸಣ್ಣ ಗೀರುಗಳನ್ನು ಬೇಕೆಂದೇ ಬಿಟ್ಟಿರುತ್ತಾರೆ. ಗೀರಿನೊಳಗೆ ಆಯಿಲ್ ನಿಲ್ಲುತ್ತದೆ. ಅದರ ಅಂಚು ಸವೆಯುತ್ತಾ ಪಿಸ್ಟನ್ ರಿಂಗ್, ಅಂದರೆ ಪಿಸ್ಟನ್ ಸುತ್ತಲಿನ ಲೋಹದ ಬಳೆ, ಗೋಡೆಗೆ ಹೊಂದಿ ಕೂರುತ್ತದೆ. ರಿಂಗನ್ನು ಗೋಡೆಗೆ ಒತ್ತುವುದು ಪೆಟ್ರೋಲ್ ಉರಿದಾಗ ಹುಟ್ಟುವ ಒತ್ತಡ. ಆದ್ದರಿಂದ ಬರೀ ಮೆಲ್ಲಗೆ, ಲೋಡೇ ಬೀಳದ ಹಾಗೆ ಓಡಿಸಿದರೂ ರಿಂಗ್ ಸರಿಯಾಗಿ ಕೂರದೆ ಮುಂದೆ ಎಂಜಿನ್ ಆಯಿಲ್ ಕುಡಿಯತೊಡಗುತ್ತದೆ. ಪೂರ್ತಿ ರೈಸ್ ಮಾಡಿ ಎಳೆಸಿದರೆ ವಿಪರೀತ ಬಿಸಿಯೇರಿ ಗೋಡೆಯೇ ಉಜ್ಜಿಹೋಗುತ್ತದೆ. ಬೇಕಾದದ್ದು ಇವೆರಡರ ನಡುವಿನದು: ಅರ್ಧ ಆಕ್ಸಿಲರೇಟರ್‌ನಲ್ಲಿ ಸ್ವಲ್ಪ ಎಳೆಸಬೇಕು, ಬಿಡಬೇಕು, ವೇಗ ಏರಿಳಿಯುತ್ತಿರಬೇಕು. ಹೊಸ ಬೈಕಿಗೆ ಹಾಸನದಿಂದ ಬೆಂಗಳೂರಿಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಒಂದೇ ವೇಗದ ಸವಾರಿಗಿಂತ ಬೇಲೂರು–ಚಿಕ್ಕಮಗಳೂರು ರಸ್ತೆಯ ತಿರುವುಗಳೇ ವಾಸಿ.

ಈಗ ಗೇರಿನ ವಿಷಯ. 100ರಿಂದ 125 ಸಿಸಿ ಬೈಕಿಗೆ ಸಮತಟ್ಟಿನಲ್ಲಿ ಒಂದು ಅಂದಾಜು ಹೀಗೆ: ಮೊದಲ ಗೇರ್ ಬೈಕನ್ನು ಹೊರಡಿಸಲಿಕ್ಕಷ್ಟೆ, ಹತ್ತು–ಹದಿನೈದಕ್ಕೆ ಎರಡು, ಇಪ್ಪತ್ತೈದರ ಸುಮಾರಿಗೆ ಮೂರು, ಮೂವತ್ತೈದು–ನಲವತ್ತಕ್ಕೆ ನಾಲ್ಕು. ಐದನೇ ಗೇರಿದ್ದರೆ ನಲವತ್ತೈದರ ಮೇಲೆ. ನಿಮ್ಮ ಮಾದರಿಯ ಖಚಿತ ಮಿತಿ ಬೈಕಿನ ಜತೆ ಕೊಡುವ ಪುಸ್ತಕದಲ್ಲಿರುತ್ತದೆ, ಅದೇ ಅಂತಿಮ. ಏರಿನಲ್ಲಿ ಈ ಲೆಕ್ಕ ಕೆಲಸಕ್ಕೆ ಬಾರದು, ಅಲ್ಲಿ ಕಿವಿ ಬೇಕು. ಆಕ್ಸಿಲರೇಟರ್ ತಿರುಗಿಸಿದರೂ ವೇಗ ಏರದೆ ಎಂಜಿನ್ ಸದ್ದು ದಪ್ಪಗಾಗಿ, ಪಾದದ ಕೆಳಗೆ ಫುಟ್‌ರೆಸ್ಟ್ ಗಡಗಡ ನಡುಗಿ, ಚೈನ್ ಜಗ್ಗತೊಡಗಿದರೆ ಗೇರ್ ಇಳಿಸುವುದು ಆಗಲೇ ತಡವಾಗಿದೆ ಎಂದರ್ಥ. ಆಗ ಇನ್ನಷ್ಟು ತಿರುಗಿಸುವುದು ಶುದ್ಧ ತಪ್ಪು. ಎಂಜಿನ್ ನಿಧಾನ ಸುತ್ತುವಾಗ ಆಯಿಲ್ ಪಂಪೂ ನಿಧಾನ. ಅದೇ ಹೊತ್ತಿಗೆ ಪಿಸ್ಟನ್ ಮೇಲೆ ಭಾರಿ ಒತ್ತಡ. ಇನ್ನೂ ಹೊಂದಿಕೊಳ್ಳದ ರಿಂಗು, ಬೇರಿಂಗುಗಳಿಗೆ ಇದೇ ಹೊಡೆತ.

ಚಾರ್ಮಾಡಿ ಹತ್ತುವಾಗ ತಿರುವಿನೊಳಗೆ ಹೊಕ್ಕ ಮೇಲೆ ಗೇರ್ ಹುಡುಕಬಾರದು. ತಿರುವಿಗೆ ಹತ್ತು–ಹದಿನೈದು ಮೀಟರ್ ಮೊದಲೇ ಆಕ್ಸಿಲರೇಟರ್ ಬಿಟ್ಟು, ಕ್ಲಚ್ ಪೂರಾ ಹಿಡಿದು, ಒಂದೇ ಗೇರ್ ಇಳಿಸಿ, ತುಸು ರೈಸ್ ಕೊಟ್ಟು ಕ್ಲಚ್ ಮೆಲ್ಲಗೆ ಬಿಡಬೇಕು. ಎರಡು ಗೇರ್ ಒಟ್ಟಿಗೆ ಇಳಿಸಿ ಕ್ಲಚ್ ಫಟ್ಟನೆ ಬಿಟ್ಟರೆ ಮಳೆಗಾಲದಲ್ಲಿ ಹಿಂದಿನ ಚಕ್ರ ಜಾರುತ್ತದೆ. ಹೊಸ ಟೈರ್‌ನ ಮೇಲ್ಮೈಗೆ ಮೊದಲ ನೂರಿನ್ನೂರು ಕಿ.ಮೀ. ಹಿಡಿತ ಕಡಿಮೆ ಬೇರೆ. ಏರಿನಲ್ಲಿ ಹಾಫ್ ಕ್ಲಚ್ ಹಿಡಿದು ಬೈಕ್ ನಿಲ್ಲಿಸಿಕೊಳ್ಳುವ ಚಟದಿಂದ ಕ್ಲಚ್ ಪ್ಲೇಟ್ ಸುಟ್ಟುಹೋಗುತ್ತದೆ. ನಿಲ್ಲಿಸಲು ಬ್ರೇಕ್ ಇದೆ.

ಇಳಿಜಾರಿನಲ್ಲಿ ಪೆಟ್ರೋಲ್ ಉಳಿಯಲೆಂದು ನ್ಯೂಟ್ರಲ್ ಮಾಡುವವರು ಒಂದು ಮಾತು ಗಮನಿಸಬೇಕು. 2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವ ಬಿಎಸ್-6 (ಹೊಗೆ ಮಿತಿಯ ಸರ್ಕಾರಿ ನಿಯಮ) ಬೈಕ್‌ಗಳಲ್ಲಿ ಬಹುಪಾಲು ಫ್ಯುಯೆಲ್ ಇಂಜೆಕ್ಷನ್‌ನವು. ಗೇರಿನಲ್ಲಿಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಯುವಾಗ ಇವು ಸಾಮಾನ್ಯವಾಗಿ ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಲ್ಲದಿರಲು ಪೆಟ್ರೋಲ್ ಉರಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಎಂಜಿನ್ ಹಿಡಿತವೂ ಇಲ್ಲ. ಇನ್ನೂ ಸರಿಯಾಗಿ ಕೂರದ ಬ್ರೇಕ್ ಲೈನರ್ ಒಂದರ ಮೇಲೇ ಶಿರಾಡಿ ಘಾಟಿಯ ಭಾರವೆಲ್ಲ ಬೀಳುತ್ತದೆ.

ಟೂ-ಸ್ಟ್ರೋಕ್ ಕಾಲದ ಅಭ್ಯಾಸದಿಂದ ಕೆಲವರು ಈಗಲೂ ಹೊಸ ಬೈಕಿನ ಪೆಟ್ರೋಲ್‌ಗೆ 2ಟಿ ಆಯಿಲ್ ಬೆರೆಸುತ್ತಾರೆ. ಫೋರ್-ಸ್ಟ್ರೋಕ್‌ಗೆ ಅದು ಬೇಡವೇ ಬೇಡ. ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಸೈಲೆನ್ಸರ್ ಒಳಗೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ.

ಫಸ್ಟ್ ಸರ್ವಿಸನ್ನು ‘ಬೈಕ್ ಚೆನ್ನಾಗೇ ಓಡ್ತಿದೆ’ ಎಂದು ಮುಂದೂಡಬೇಡಿ. ಬಹುತೇಕ ಕಂಪನಿಗಳು 500ರಿಂದ 1,000 ಕಿ.ಮೀ. ಒಳಗೆ ಇದನ್ನು ಇಟ್ಟಿರುವುದು ಸವೆದ ಲೋಹದ ಪುಡಿ ಆಯಿಲ್‌ನಲ್ಲಿ ಸೇರಿರುತ್ತದೆ ಎಂಬ ಕಾರಣಕ್ಕೇ. ಬಿಸಿಲಿಗೆ ಹಿಡಿದರೆ ಆ ಆಯಿಲ್‌ನಲ್ಲಿ ಬೆಳ್ಳಿಯ ಮಿನುಗು ಕಣ್ಣಿಗೇ ಕಾಣುತ್ತದೆ. ಎಂಜಿನ್ ಬೆಚ್ಚಗಿರುವಾಗಲೇ ಅದನ್ನು ಇಳಿಸಬೇಕು. ಹೊರಗಿನ ಗ್ಯಾರೇಜಿನಲ್ಲಿ ಆಯಿಲ್ ಹಾಕಿಸುವವರು ಡಬ್ಬಿಯ ಮೇಲೆ ಜಾಸೋ ಎಂಎ (JASO MA, ಆಯಿಲ್‌ನಲ್ಲೇ ಮುಳುಗಿರುವ ಬೈಕ್ ಕ್ಲಚ್‌ಗೆ ಹೊಂದುತ್ತದೆ ಎಂಬ ಗುರುತು) ಎಂದಿದೆಯೇ ನೋಡಬೇಕು. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು. ಹೊಸ ಚೈನ್ ಬೇಗ ಉದ್ದವಾಗುತ್ತದೆ, ಕೆಳಗಿನ ಎಳೆಯ ನಡುವೆ ಒತ್ತಿದರೆ ಸಾಮಾನ್ಯವಾಗಿ 20ರಿಂದ 30 ಮಿ.ಮೀ. ಆಡಬೇಕು. ಟ್ಯಾಪೆಟ್ (ವಾಲ್ವ್‌ಗಳ ಸಂದು) ನೋಡುವುದು ಎಂಜಿನ್ ತಣ್ಣಗಿದ್ದಾಗ ಮಾತ್ರ. ಹಾಗಾಗಿ ಬೈಕನ್ನು ಹಿಂದಿನ ಸಂಜೆಯೇ ಬಿಟ್ಟುಬರುವುದು ಒಳ್ಳೆಯದು.

ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟು ಹಾಕುವುದು ಮೊದಲ ಗೇರಿನಲ್ಲೇ ಮುಗಿಯುವ ಕೆಲಸ. ಏರಿನಲ್ಲಿ ಗೇರ್ ಇಳಿಸುವುದನ್ನು ಹೊಸಬರಿಗೆ ಕಲಿಸುವವರಿಲ್ಲ. ಎರಡೂ ಜಿಲ್ಲೆಗಳ ಡೀಲರ್‌ಗಳು ಆಯಾ ಮಾದರಿಯ ಗೇರ್‌ವಾರು ವೇಗದ ಮಿತಿಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಟ್ಯಾಂಕ್ ಮೇಲೆ ಅಂಟಿಸಿ ಕೊಡಲಿ. ಡೆಲಿವರಿಯ ದಿನ ಶೋರೂಂನವರೇ ಗಿರಾಕಿಯನ್ನು ಹತ್ತಿರದ ಒಂದು ಏರಿಗೆ ಕರೆದೊಯ್ದು ನಾಲ್ಕರಿಂದ ಮೂರಕ್ಕೆ, ಮೂರರಿಂದ ಎರಡಕ್ಕೆ ಇಳಿಸುವುದನ್ನು ತೋರಿಸಲಿ. ಅದಕ್ಕೆ ಕಾಲು ಗಂಟೆ ಸಾಕು.

– ಬೈಕ್ ಮೆಕ್ಯಾನಿಕ್, ಸಕಲೇಶಪುರ