ಸ್ವಾಧೀನ ನೋಟಿಸು ಹಾಕುವಾಗ ನಾಲ್ಕು ಸಾಲು ಮಾಹಿತಿಯನ್ನೂ ಹಾಕಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬ್ಯಾಂಕುಗಳ ಸ್ವಾಧೀನ ನೋಟಿಸು, ಹರಾಜು ಪ್ರಕಟಣೆಗಳು ಆಗಾಗ ಬರುತ್ತಲೇ ಇರುತ್ತವೆ. ಸಣ್ಣ ಅಕ್ಷರ, ಸೈಟ್ ನಂಬರು, ಚಕ್ಕುಬಂದಿ, ಸಾಲಗಾರರ ಹೆಸರು, ಬಾಕಿ ಮೊತ್ತ. ಹೆಚ್ಚಿನವರು ಆ ಪುಟ ಮಗುಚಿ ಮುಂದೆ ಹೋಗುತ್ತಾರೆ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು, ಹಾಗಾಗಿ ಓದದೆ ಬಿಡಲು ಆಗುವುದಿಲ್ಲ. ಅದರಲ್ಲಿ ಎಷ್ಟೋ ಮನೆಗಳನ್ನು ಉಳಿಸಿಕೊಳ್ಳುವ ದಾರಿ ಇತ್ತು, ಮನೆಯವರಿಗೆ ಅದನ್ನು ಹೇಳುವವರು ಇರಲಿಲ್ಲ. ಅದಕ್ಕೇ ಈ ಪತ್ರ.

ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಸಾಲ ಎನ್‌ಪಿಎ, ಅಂದರೆ ವಸೂಲಾಗದ ಸಾಲ, ಆಗುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಕೋರ್ಟಿನಲ್ಲಿ ದಾವೆ ಹಾಕದೆಯೇ ಮನೆಯನ್ನು ವಶಕ್ಕೆ ತಗೊಂಡು ಮಾರಬಹುದು. ಆದರೆ ರಾತ್ರೋರಾತ್ರಿ ಅಲ್ಲ. ಮೊದಲು 13(2)ನೇ ಕಲಮಿನ ನೋಟಿಸು ಬರಬೇಕು, ಅದರಲ್ಲಿ 60 ದಿನ ಸಮಯ ಕೊಡಬೇಕು. ಈ 60 ದಿನವೇ ಎಲ್ಲಕ್ಕಿಂತ ಮುಖ್ಯ. ಲೆಕ್ಕ ತಪ್ಪಿದೆ, ಕಟ್ಟಿದ ಹಣ ಜಮಾ ಆಗಿಲ್ಲ, ಕೆಲಸ ಹೋಗಿದೆ, ಸಮಯ ಬೇಕು, ಏನೇ ಇರಲಿ ಲಿಖಿತವಾಗಿ ಆಕ್ಷೇಪಣೆ ಕೊಡಬಹುದು. ಬ್ಯಾಂಕು ಅದನ್ನು ಒಪ್ಪದಿದ್ದರೆ 15 ದಿನದೊಳಗೆ ಕಾರಣ ಹೇಳಿ ಉತ್ತರಿಸಲೇಬೇಕು. ಬಾಯಲ್ಲಿ ಮ್ಯಾನೇಜರಿಗೆ ಹೇಳಿ ಬಂದರೆ ಸಾಲದು. ಪತ್ರ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಂಡು ಬರಬೇಕು.

ಆದರೆ ಜನ ಮಾಡುವುದೇನು? ರಿಜಿಸ್ಟರ್ಡ್ ಪೋಸ್ಟ್ ವಾಪಸ್ ಕಳಿಸುತ್ತಾರೆ, ಫೋನ್ ಎತ್ತುವುದಿಲ್ಲ, ಹೆಂಡತಿಗೋ ಗಂಡನಿಗೋ ಗೊತ್ತಾಗದ ಹಾಗೆ ಒಬ್ಬರೇ ಒದ್ದಾಡುತ್ತಾರೆ, ಕೊನೆಗೆ ಮೀಟರ್ ಬಡ್ಡಿಗೆ ಸಾಲ ತಂದು ಬ್ಯಾಂಕಿನ ಕಂತು ಕಟ್ಟುತ್ತಾರೆ. ಅವಮಾನದ ಭಯ ದೊಡ್ಡದು, ಅದು ನನಗೆ ಅರ್ಥವಾಗುತ್ತದೆ. ಆದರೆ ನೋಟಿಸು ತಗೊಳ್ಳದಿದ್ದರೆ ದಿನ ನಿಲ್ಲುವುದಿಲ್ಲ, ಅದನ್ನು ಬಾಗಿಲಿಗೆ ಅಂಟಿಸಿ ಪೇಪರಿನಲ್ಲಿ ಹಾಕಿದರೂ ಕೊಟ್ಟಂತೆಯೇ ಲೆಕ್ಕ. ಮೀಟರ್ ಬಡ್ಡಿಯಂತೂ ಬೇಡವೇ ಬೇಡ, ಬ್ಯಾಂಕಿಗಾದರೂ ಒಂದು ಕಾನೂನು ಇದೆ, ಮೀಟರ್ ಬಡ್ಡಿಯವರು ಯಾವ ಕಾನೂನನ್ನೂ ಲೆಕ್ಕಕ್ಕಿಡುವುದಿಲ್ಲ.

ಒಂದು ಕಂತು ತಪ್ಪುವ ಸೂಚನೆ ಸಿಕ್ಕಾಗಲೇ ಬ್ಯಾಂಕಿಗೆ ಹೋಗುವುದು ಒಳ್ಳೆಯದು. ಎನ್‌ಪಿಎ ಆಗುವ ಮುಂಚೆ ಅವಧಿ ಹೆಚ್ಚಿಸಲು, ಕಂತು ತಗ್ಗಿಸಲು, ಕೆಲವು ತಿಂಗಳ ಬಿಡುವು ಕೊಡಲು ಬ್ಯಾಂಕಿನವರಿಗೆ ಅವಕಾಶ ಹೆಚ್ಚು, ಆಮೇಲೆ ಅವರ ಕೈಯೂ ಕಟ್ಟಿರುತ್ತದೆ. ಇನ್ನೊಂದು ವಿಷಯ. 2022ರ ಮೇನಿಂದ 2023ರ ಫೆಬ್ರವರಿವರೆಗೆ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ, ಶೇ 4ರಿಂದ 6.5ಕ್ಕೆ ಏರಿತು, ಎಷ್ಟೋ ಜನರ ಸಾಲದ ಅವಧಿ ಅವರಿಗೆ ಗೊತ್ತಿಲ್ಲದೆಯೇ ವರ್ಷಗಟ್ಟಲೆ ಉದ್ದವಾಯಿತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೊಂದು ನಿಯಮ ಮಾಡಿತು, ಬಡ್ಡಿ ಬದಲಾದಾಗ ಕಂತು ಹೆಚ್ಚಿಸಬೇಕೋ ಅವಧಿ ಹೆಚ್ಚಿಸಬೇಕೋ ಅಂತ ಸಾಲಗಾರರನ್ನು ಕೇಳಬೇಕು. ನಿಮ್ಮನ್ನು ಕೇಳಿದ್ದಾರಾ, ಒಮ್ಮೆ ವಿಚಾರಿಸಿ. ಸಾಲ ಬಹುಪಾಲು ತೀರಿ, ಬಾಕಿ ಮೊತ್ತವು ಅಸಲು, ಬಡ್ಡಿ ಎರಡೂ ಸೇರಿದ ಮೊತ್ತದ ಶೇ 20ಕ್ಕಿಂತ ಕಡಿಮೆ ಇದ್ದರೆ ಸರ್ಫೇಸಿ ಕಾಯ್ದೆಯನ್ನು ಬಳಸುವಂತೆಯೇ ಇಲ್ಲ. ಇದು ಗೊತ್ತಿಲ್ಲದೆ ಹೆದರಿ ಕೂತವರೂ ಇದ್ದಾರೆ.

ಕಂತು ಕಟ್ಟಲು ಸಾಧ್ಯವೇ ಇಲ್ಲ ಅನ್ನುವ ಸ್ಥಿತಿ ಬಂದರೆ ಮನೆಯನ್ನು ನೀವೇ ಮಾರುವುದು ಮೇಲು. ಹೇಳಲು ಸುಲಭ, ಮಾಡಲು ಹೊಟ್ಟೆ ಉರಿಯುತ್ತದೆ, ನಿಜ. ಆದರೂ ಬ್ಯಾಂಕಿನಿಂದ ಬಾಕಿಯ ಪತ್ರ ತಗೊಂಡು, ಕೊಳ್ಳುವವರಿಂದ ನೇರ ಸಾಲದ ಖಾತೆಗೆ ಹಣ ಕಟ್ಟಿಸಿದರೆ ಉಳಿದದ್ದು ನಿಮ್ಮದೇ. ಹರಾಜಿನಲ್ಲಿ ಮಾರುಕಟ್ಟೆ ಬೆಲೆ ಸಿಗುವುದು ಅಪರೂಪ. ಹರಾಜಾದರೂ ಬಾಕಿ, ಖರ್ಚು ಕಳೆದು ಉಳಿದ ಹಣವನ್ನು ಬ್ಯಾಂಕು ವಾಪಸ್ ಕೊಡಬೇಕು, ಅದನ್ನು ಕೇಳಿ ಪಡೆಯಿರಿ.

ವಸೂಲಿಗೆ ಬರುವವರು ಬೆಳಿಗ್ಗೆ 8ಕ್ಕಿಂತ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಬೈಯುವಂತಿಲ್ಲ, ನೆಂಟರ ಮುಂದೆ ಮರ್ಯಾದೆ ತೆಗೆಯುವಂತಿಲ್ಲ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು, ಶುಲ್ಕವಿಲ್ಲ. ಮನೆ ಸ್ವಾಧೀನಕ್ಕೆ ತಗೊಂಡ ಮೇಲೆ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಸಿವಿಲ್ ಕೋರ್ಟಿಗೆ ಹೋಗಿ ತಡೆ ತರುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಿ ದುಡ್ಡು ಕೊಡಬೇಡಿ, ಆ ದಾರಿಯನ್ನು ಕಾಯ್ದೆಯೇ ಮುಚ್ಚಿದೆ. ವಕೀಲರಿಗೆ ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಈಗ ನಿಮ್ಮ ಪತ್ರಿಕೆಗೇ ಸಂಬಂಧಪಟ್ಟ ಮಾತು. ಮೊದಲೆಲ್ಲ ಮಾರಾಟ ಆಗುವವರೆಗೂ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಇತ್ತು. 2016ರ ತಿದ್ದುಪಡಿ ಆದ ಮೇಲೆ ಆ ಹಕ್ಕು ಹರಾಜು ನೋಟಿಸು ಪ್ರಕಟವಾಗುವ ದಿನಕ್ಕೆ ಮುಂಚಿನವರೆಗೆ ಮಾತ್ರ. 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಜನ ಇನ್ನೂ ಹರಾಜಿನ ಹಿಂದಿನ ದಿನ ದುಡ್ಡು ಹೊಂದಿಸಿದರೆ ಸಾಕು ಅಂತಲೇ ಅಂದುಕೊಂಡಿದ್ದಾರೆ. ಅಂದರೆ ನಿಮ್ಮ ಪತ್ರಿಕೆಯಲ್ಲಿ ಆ ಜಾಹೀರಾತು ಅಚ್ಚಾದ ದಿನವೇ ಒಂದು ಕುಟುಂಬದ ಹಕ್ಕು ಮುಗಿದಿರುತ್ತದೆ. ಸ್ವಾಧೀನ ನೋಟಿಸು ಮಾತ್ರ ಸಾಮಾನ್ಯವಾಗಿ ಅದಕ್ಕಿಂತ ಮೊದಲು ಬರುತ್ತದೆ. ಆಗ ಇನ್ನೂ ಸಮಯ ಇರುತ್ತದೆ.

ಸ್ವಾಧೀನ ನೋಟಿಸನ್ನು ಎರಡು ಪತ್ರಿಕೆಗಳಲ್ಲಿ ಹಾಕಬೇಕು, ಅದರಲ್ಲಿ ಒಂದು ಸ್ಥಳೀಯ ಭಾಷೆಯದಾಗಿರಬೇಕು ಅಂತ ನಿಯಮವೇ ಇದೆ. ಊರಿಗೆಲ್ಲ ಕನ್ನಡದಲ್ಲಿ ತಿಳಿಸುವ ಬ್ಯಾಂಕು, ಮನೆಯವರಿಗೆ ಕಳಿಸುವ ಮೊದಲ ನೋಟಿಸನ್ನು ಹೆಚ್ಚಾಗಿ ಇಂಗ್ಲಿಷಿನಲ್ಲೇ ಕಳಿಸುತ್ತದೆ. ಇದು ಸರಿಯಲ್ಲ. ಆ ನೋಟಿಸಿನ ಜೊತೆ ಕನ್ನಡದ ಪ್ರತಿಯನ್ನೂ ಕೊಡಬೇಕು ಅಂತ ಬ್ಯಾಂಕುಗಳನ್ನು ಒತ್ತಾಯಿಸಿ ನೀವು ಬರೆಯಬೇಕು. ಮತ್ತೆ, ಸ್ವಾಧೀನ ನೋಟಿಸು ಬರುವ ಪುಟದ ಕೆಳಗೆ ಪ್ರತಿ ಸಲವೂ ನಾಲ್ಕು ಸಾಲು ದಪ್ಪ ಅಕ್ಷರದಲ್ಲಿ ಹಾಕಿ: ನ್ಯಾಯಮಂಡಳಿಗೆ 45 ದಿನ, ಮನೆ ಬಿಡಿಸಿಕೊಳ್ಳಲು ಹರಾಜು ಪ್ರಕಟಣೆಗೆ ಮುಂಚಿನವರೆಗೆ, ಉಚಿತ ಕಾನೂನು ನೆರವಿಗೆ 15100. ಜಾಹೀರಾತಿನ ಹಣ ನಿಮಗೆ ಬರುತ್ತದೆ, ಈ ನಾಲ್ಕು ಸಾಲಿನ ಜಾಗವನ್ನು ನೀವು ಬಿಟ್ಟುಕೊಡಬಹುದು ಅಲ್ವಾ?

ಇತಿ,
ನಿವೃತ್ತ ಬ್ಯಾಂಕ್ ನೌಕರ