ಬೀದರಿಗೆ ಹೋಗುವ ಮಿಡಿ ಗೋವಾಕ್ಕೆ ಹೋಗದು

ಮಾನ್ಯ ಸಂಪಾದಕರೇ,

‘ಗೃಹಿಣಿಯರು ಬಿಡುವಿನ ವೇಳೆಯಲ್ಲಿ ಮನೆಯಲ್ಲೇ ಕುಳಿತು ಆನ್‌ಲೈನ್ ವ್ಯಾಪಾರ ಮಾಡಬಹುದು’ ಎಂದು ಕಳೆದ ವಾರ ನಿಮ್ಮ ಮಹಿಳಾ ಪುರವಣಿಯಲ್ಲಿ ಓದಿದೆ. ನನಗೆ 52 ವರ್ಷ. ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ನಾಲ್ಕು ವರ್ಷಗಳಿಂದ ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಹಪ್ಪಳವನ್ನು ವಾಟ್ಸ್‌ಆ್ಯಪ್‌ನಲ್ಲಿ ಮಾರುತ್ತಿದ್ದೇನೆ. ಆ ವಾಕ್ಯದ ‘ಬಿಡುವು’ ಮತ್ತು ‘ಕುಳಿತು’ ಎಂಬ ಎರಡೂ ಪದಗಳ ಬಗ್ಗೆ ನನಗೆ ತಕರಾರಿದೆ.

ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಕಾಯಿಗೆ ಬಾರದು. ಮರ ಹತ್ತಿದವನು ತೊಟ್ಟು ಸಮೇತ ಕೊಯ್ದು ಹಗ್ಗದಲ್ಲಿ ಬುಟ್ಟಿ ಇಳಿಸಬೇಕು. ಬಂದ ದಿನವೇ ಆರಿಸಿ, ತೊಳೆದು, ನೀರಾರಿಸಿ ಉಪ್ಪಿಗೆ ಹಾಕದಿದ್ದರೆ ಕೆಟ್ಟಿತು. ಮಿಡಿ ಚಿರುಟಿದ ಮೇಲೆ ಅದರ ಉಪ್ಪುನೀರನ್ನು ಕುದಿಸಿ, ಆರಿಸಿ, ಸಾಸಿವೆ ಮೆಣಸು ಬೀಸಿ ಕಲೆಸಬೇಕು. ಈ ವಯಸ್ಸಿನಲ್ಲಿ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುತ್ತದೆ. ಒಲೆಯ ಮುಂದೆ ನಿಂತಾಗ ಯಾವುದು ಒಲೆಯ ಶಾಖ, ಯಾವುದು ನನ್ನದು ಎಂದು ತಿಳಿಯುವುದಿಲ್ಲ. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಕೊಟ್ಟಿಗೆಯ ಹಿಂದಿನ ದಿಬ್ಬವೇ ನನ್ನ ಕಚೇರಿ. ಅಲ್ಲಿ ಕೂರಲು ಕಲ್ಲೂ ಇಲ್ಲ.

ಆಹಾರ ಸುರಕ್ಷತಾ ನೋಂದಣಿಗೆ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. ಹಣದ ತೊಂದರೆ ಬರಲಿಲ್ಲ, ಕಾಗದದ ತೊಂದರೆ ಬಂತು. ಮನೆ ಯಜಮಾನರ ಹೆಸರಿನಲ್ಲಿದೆ, ವಿದ್ಯುತ್ ಬಿಲ್ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಬರುತ್ತದೆ. ಇಪ್ಪತ್ತೆಂಟು ವರ್ಷ ಬೇಯಿಸಿದ ಅಡುಗೆಮನೆ ನನ್ನದೆನ್ನಲು ಒಂದು ಚೀಟಿಯೂ ಇರಲಿಲ್ಲ. ಯಜಮಾನರಿಂದ ಒಪ್ಪಿಗೆ ಪತ್ರ ಬರೆಸಿಕೊಂಡೆ. ಬರೆಯುವಾಗ ಅವರಿಗೂ ಸ್ವಲ್ಪ ನಾಚಿಕೆಯಾಯಿತು ಎನ್ನಿ.

ಒಮ್ಮೆ ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡವನೊಬ್ಬ ಹತ್ತು ಕಿಲೋ ಉಪ್ಪಿನಕಾಯಿ ಬೇಕೆಂದ. ಮುಂಗಡ ಕಳುಹಿಸಿದ್ದೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಅವಸರಪಡಿಸಿದ. ಕನ್ನಡಕ ಹುಡುಕಲು ಒಳಗೆ ಹೋದೆನಲ್ಲ, ಅದೇ ನನ್ನನ್ನು ಉಳಿಸಿತು. ಹಣ ಬರುವುದಕ್ಕೆ ಯಾರೂ ಪಿನ್ ಒತ್ತಬೇಕಾಗಿಲ್ಲ ಎಂದು ಮಗ ಅಷ್ಟರಲ್ಲಿ ಹೇಳಿದ.

ಇವೆಲ್ಲ ಹೇಗೋ ಕಲಿತುಕೊಳ್ಳುವ ಸಂಗತಿಗಳು. ನಾನು ಪತ್ರ ಬರೆಯಲು ಕೂತದ್ದು ಗಡಿಯ ವಿಷಯಕ್ಕೆ. ಮೊದಲ ವರ್ಷ ತಿಳಿಯದೆ ಪುಣೆಗೆ, ಮುಂಬೈಗೆ ನಾಲ್ಕಾರು ಪಾರ್ಸೆಲ್ ಕಳುಹಿಸಿದ್ದೆ. ಲೆಕ್ಕ ನೋಡುವವರು ತಲೆ ಚಚ್ಚಿಕೊಂಡರು. ರಾಜ್ಯದೊಳಗೆ ವರ್ಷಕ್ಕೆ 40 ಲಕ್ಷ ರೂಪಾಯಿಯವರೆಗೆ ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಡ. ಅದೇ ಉಪ್ಪಿನಕಾಯಿಯ ಒಂದೇ ಬಾಟಲಿ ಬೇರೆ ರಾಜ್ಯದ ಗಿರಾಕಿಗೆ ಹೋದರೂ ನೋಂದಣಿ ಕಡ್ಡಾಯ. ಸಣ್ಣವರಿಗೆಂದೇ ಇರುವ ಕಾಂಪೊಸಿಷನ್ ಪದ್ಧತಿಗೆ ಸೇರೋಣವೆಂದರೆ, ಅದರಲ್ಲಿರುವವರು ಹೊರರಾಜ್ಯಕ್ಕೆ ಸರಕು ಮಾರುವಂತೆಯೇ ಇಲ್ಲ. ನನ್ನ ವಹಿವಾಟು ವರ್ಷಕ್ಕೆ ಮೂರು ಲಕ್ಷ ದಾಟಿಲ್ಲ. ನೋಂದಣಿ ಮಾಡಿಸಿದರೆ ಮಾರಾಟವೇ ಇಲ್ಲದ ಮಳೆಗಾಲದಲ್ಲೂ ರಿಟರ್ನ್ಸ್ ಸಲ್ಲಿಸಬೇಕು, ಸಲ್ಲಿಸಿ ಕೊಡುವವರಿಗೆ ಸಂಬಳ ಕೊಡಬೇಕು.

ತಮಾಷೆಯೆಂದರೆ, ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ. ಹಪ್ಪಳವೊಂದನ್ನೇ ಮಾರುವವಳಾಗಿದ್ದರೆ ಕಾಶ್ಮೀರದವರೆಗೂ ಕಳುಹಿಸಬಹುದಿತ್ತು. ಪಕ್ಕದ ಮನೆಯ ಹುಡುಗಿ ಮುಂಬೈಯ ಮಕ್ಕಳಿಗೆ ಮೊಬೈಲಿನಲ್ಲೇ ಸಂಗೀತ ಪಾಠ ಹೇಳುತ್ತಾಳೆ. ಅದು ಸೇವೆಯಾದ್ದರಿಂದ 20 ಲಕ್ಷದವರೆಗೆ ಗಡಿಯ ತಕರಾರಿಲ್ಲ, 2017ರಲ್ಲೇ ವಿನಾಯಿತಿ ಸಿಕ್ಕಿದೆ. ಕೆಲವು ಕರಕುಶಲ ವಸ್ತುಗಳಿಗೂ ಸಿಕ್ಕಿದೆ. ಉಪ್ಪಿನಕಾಯಿಗೆ ಏಕಿಲ್ಲ? ರಾಜ್ಯದ ಆ ತುದಿಯಲ್ಲಿರುವ ಬೀದರಿಗೆ ಕಳುಹಿಸಬಹುದು, ಘಟ್ಟ ಇಳಿದರೆ ಕಾರವಾರದ ಆಚೆಗೇ ಇರುವ ಗೋವಾಕ್ಕೆ ಕಳುಹಿಸಲಾಗದು.

ತೆರಿಗೆ ತಪ್ಪಿಸುವ ಮನಸ್ಸು ನನಗಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಕ್ಯೂಆರ್ ಫಲಕ ಕಿತ್ತವರನ್ನು ಕಂಡಿದ್ದೇನೆ. ನಾನು ಯುಪಿಐ ಬಿಡಲಿಲ್ಲ. ನನ್ನ ಗಿರಾಕಿಗಳೆಲ್ಲ ದೂರದವರು, ನೋಟನ್ನು ಯಾರ ಕೈಯಲ್ಲಿ ಕೊಟ್ಟಾರು? ರಾಜ್ಯದೊಳಗೆ ಇರುವ ಮಿತಿಯನ್ನೇ ಮನೆಯಲ್ಲಿ ತಯಾರಿಸಿದ ತಿನಿಸುಗಳಿಗೆ ಗಡಿಯಾಚೆಗೂ ಒಪ್ಪಬೇಕೆಂದು ಜಿಎಸ್‌ಟಿ ಮಂಡಳಿಯಲ್ಲಿ ನಮ್ಮ ರಾಜ್ಯದ ಪ್ರತಿನಿಧಿಗಳು ಕೇಳಲಿ. 40 ಲಕ್ಷ ಹೆಚ್ಚಾಯಿತೆಂದರೆ 10 ಲಕ್ಷಕ್ಕಾದರೂ ಒಪ್ಪಿಸಲಿ. ಪುರವಣಿಯವರೂ ಮುಂದಿನ ಸಲ ‘ಮನೆಯಲ್ಲೇ ಕುಳಿತು’ ಎಂದು ಬರೆಯುವ ಮೊದಲು ಈ ನಿಯಮವನ್ನು ಒಂದು ಸಾಲಿನಲ್ಲಾದರೂ ತಿಳಿಸಲಿ.

ಮಡಗಾಂವ್‌ನ ಗಿರಾಕಿಯೊಬ್ಬರು ಎರಡು ತಿಂಗಳಿಂದ ಕೇಳುತ್ತಿದ್ದಾರೆ. ಮಾರಿಕಾಂಬೆಯ ದರ್ಶನಕ್ಕೆ ಶಿರಸಿಗೆ ಬಂದಾಗ ತಾವೇ ಮನೆಗೆ ಬಂದು ಒಯ್ಯುತ್ತಾರಂತೆ. ಅವರಿಗೆಂದು ಎರಡು ಬಾಟಲಿ ಎತ್ತಿಟ್ಟಿದ್ದೇನೆ.

ಇಂತಿ,
ಓದುಗಾರ್ತಿ, ಶಿರಸಿ ತಾಲ್ಲೂಕು